ಉದ್ದ ಕಾವಿನ ಕುರ್ಪಿ

ಗುಡ್ಡವ್ವನಿಗೆ ಎಚ್ಚರವಾದಾಗ ಮೊದಲು ನೆನಪಾದದ್ದು ಮೊಣಕಾಲು. ನೋವಿನಿಂದಲ್ಲ, ನೋವು ಯಾವಾಗಿನಿಂದಲೋ ಮನೆಯ ಮಂದಿಯ ಹಾಗೆ ಆಗಿಹೋಗಿತ್ತು, ಇದೆ ಎನ್ನುವುದೇ ಮರೆತಿತ್ತು. ನೆನಪಾದದ್ದು, ಅದು ನಿನ್ನೆ ತನ್ನನ್ನು ಒಂದು ಮಾತೂ ಕೇಳದೆ ಮಡಿಚಿಕೊಂಡದ್ದು. ಕಾಲುವೆಯ ದಂಡೆಯ ಮೇಲೆ ಸಾವಕಾರನ ರಾಜದೂತ ಮೋಟರ್ ಸೈಕಲ್ಲಿನ ಸಪ್ಪಳ ಕೇಳಿಸಿದ್ದಷ್ಟೆ. ಅಲ್ಲಿಯವರೆಗೆ ಅರಿಷಿಣದ ಸಾಲಿನಲ್ಲಿ ನೆಟ್ಟಗೆ ನಿಂತು, ಉದ್ದ ಕಾವಿನ ಕುರ್ಪಿಯಿಂದ ಕಳೆಯ ಕಸ ಕೆದರುತ್ತಿದ್ದವಳು ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಿದ್ದಳು. ಕೈಯಲ್ಲಿದ್ದ ಬಿದಿರಿನ ಕಾವು ಮಾತ್ರ ಕುಳಿತಿರಲಿಲ್ಲ. ಅದು ಅವಳ ತಲೆಯ ಮೇಲೆ, ಬಳ್ಳಿ ಹಬ್ಬಿರದ ಒಂಟಿ ಕೋಲಿನ ಹಾಗೆ, ಎಲ್ಲರಿಗೂ ಕಾಣುವಂತೆ ನಿಂತಿತ್ತು. ಅವಳು ಕುಳಿತದ್ದು ನೋಡಿ ಪಕ್ಕದ ಸಾಲಿನ ಅಲ್ಲವ್ವ ಕುಳಿತಳು. ಅಲ್ಲವ್ವ ಕುಳಿತದ್ದು ನೋಡಿ ಉಳಿದವರೆಲ್ಲ ಕುಳಿತರು. ಇನ್ನು ಮೇಲೆ ನಿಂತೇ ಕಸ ತೆಗೆಯೋಣ ಎಂದು ಓಣಿಯ ಮನೆಮನೆಗೆ ಹೋಗಿ ಹೇಳಿ ಬಂದವಳೇ ಎಲ್ಲರಿಗಿಂತ ಮೊದಲು ಕುಳಿತಿದ್ದಳು.

ಒಡ್ಡಿನ ಮೇಲಿಂದ ಹೊಲದ ಧಣಿ ಕುಂಥುನಾಥ ಸಾವಕಾರ ನಕ್ಕಿದ್ದ. ಕೆಟ್ಟ ನಗೆಯಲ್ಲ. ಕೆಟ್ಟ ನಗೆಯಾಗಿದ್ದರೆ ಗುಡ್ಡವ್ವನಿಗೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು. "ನೋಡ್ರಿ, ಗುಡ್ಡವ್ವ ಹಳೇ ಮಂದಿ. ಆಕೀಗಿ ಹೇಳೂದ ಬ್ಯಾಡ, ತಾನ ತಿಳಕೋತಾಳ" ಎಂದಿದ್ದ. ಆಮೇಲೆ ಉಳಿದವರ ಕಡೆ ತಿರುಗಿ, "ನಾಳಿಯಿಂದ ಎಲ್ಲಾರೂ ನಿಮ್ಮ ನಿಮ್ಮ ಸಣ್ಣ ಕುರ್ಪಿ ತಗೊಂಡ ಬರ್ರಿ. ಕೋಲ ಹಿಡಕೊಂಡ ಬರೂದಾದ್ರ ಬರಬ್ಯಾಡ್ರಿ. ಕಲ್ಲೋಳಿಯಿಂದ ಟ್ರ್ಯಾಕ್ಟರ್ ತುಂಬ ಮಂದಿ ತರ್ತೇನಿ" ಎಂದು ಗಾಡಿ ತಿರುಗಿಸಿ ಹೋಗಿದ್ದ. ಅವನು ಹೋದ ಮೇಲೂ ಯಾರೂ ಏಳಲಿಲ್ಲ. ಎದ್ದು ನಿಂತರೆ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತಿತ್ತು. ಹೊತ್ತು ಇಳಿಯುವವರೆಗೆ ಹೆಂಗಸರು ಉದ್ದ ಕಾವಿನ ಬುಡವನ್ನು ಹಿಡಿದುಕೊಂಡು, ಕುಳಿತೇ ಕಸ ತೆಗೆದರು. ಹಾಗೆ ತೆಗೆಯುವುದು ಸಣ್ಣ ಕುರ್ಪಿಗಿಂತ ಕಷ್ಟ.

ಹೊರಗೆ ಗಂಡ ಯಲ್ಲಾರಿ ಒಲೆಗೆ ತೊಗರಿ ಕಟ್ಟಿಗೆ ಮುರಿದು ಹಾಕುತ್ತಿದ್ದ. ಬಿದಿರು ತಂದು, ಗಂಟು ಸವರಿ, ಅಷ್ಟೂ ಕುರ್ಪಿಗಳಿಗೆ ಕಾವು ಕೂಡಿಸಿಕೊಟ್ಟವನು ಅವನೇ. "ನಿನ್ನಿ ಕುಂತಾಕಿ ಇನ್ನೂ ಎದ್ದಿಲ್ಲೇನ?" ಎಂದ. ಗಂಡನ ಚೇಷ್ಟೆ ಅದು, ಬೇರೆ ದಿನವಾಗಿದ್ದರೆ ಅವಳೂ ಒಂದು ಅನ್ನುತ್ತಿದ್ದಳು. ಇವತ್ತು ಅನ್ನಲಿಲ್ಲ. ಅವನಿಗೆ ಗೊತ್ತಾಯಿತು. ಚಹಾದ ಬಟ್ಟಲು ಮುಂದೆ ಇಟ್ಟು, "ಅಂಜಿಕಿ ಎಲ್ಲಾರಿಗೂ ಇರತೈತಿ" ಎಂದ.

"ಅಂಜಿಕಿ ಅಲ್ಲದು" ಎಂದಳು ಗುಡ್ಡವ್ವ.

ಅಂಜಿಕೆಯಾದರೆ ಎದೆ ಬಡಿದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ನಿನ್ನೆ ಹಾಗೇನೂ ಆಗಿರಲಿಲ್ಲ. ಮನೆಗೆ ಬೀಗರು ಬಂದರೆ ಕೈ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆಯುವುದಿಲ್ಲವೇ, ಹಾಗೆ. ಊರಿನ ಉಳಿದ ಮಂದಿ ದೊಡ್ಡವರು ಬಂದರೆ ಎದ್ದು ನಿಲ್ಲುತ್ತಾರೆ, ಅದು ಮರ್ಯಾದೆ. ತಮ್ಮ ಓಣಿಯವರು ಹೊಲದಲ್ಲಿ ಕುಳಿತುಕೊಳ್ಳುತ್ತಾರೆ, ಅದೂ ಮರ್ಯಾದೆ. ಸಾಲು ಮುಗಿಯುವವರೆಗೆ ಬೆನ್ನು ಎತ್ತಬಾರದು, ಎತ್ತಿದರೂ ಸಾವಕಾರನ ಗಾಡಿ ಕೇಳಿಸಿದರೆ ಇಳಿಸಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ಅವ್ವನ ಹಿಂದೆ ಸಾಲಿನಲ್ಲಿ ಹೋಗುತ್ತಾ ಹೋಗುತ್ತಾ ಬಂದದ್ದು. ಅವ್ವನ ಬೆನ್ನನ್ನೇ ನೋಡುತ್ತಾ ಬೆಳೆದವಳು ಅವಳು. ಕೊನೆಕೊನೆಗೆ ಅವ್ವ ಮನೆಯೊಳಗೂ ಬಗ್ಗಿಯೇ ಓಡಾಡುತ್ತಿದ್ದಳು, ರೊಟ್ಟಿ ಬಡಿಯುವಾಗ, ನೀರು ತರುವಾಗ, ಯಾರಾದರೂ ಕರೆದರೆ ಮುಖವನ್ನಷ್ಟೆ ಪಕ್ಕಕ್ಕೆ ತಿರುಗಿಸಿ ಆಮೆಯ ಹಾಗೆ ನೋಡುತ್ತಿದ್ದಳು. ಸತ್ತ ದಿನ ಮಣ್ಣಿಗೆ ಇಡುವಾಗ ಗಂಡಸರು ಅವಳನ್ನು ಅಂಗಾತ ಮಲಗಿಸಲು ನೋಡಿದರು. ಆಗಲಿಲ್ಲ. ತಲೆ ಇಳಿಸಿದರೆ ಕಾಲು ಏಳುತ್ತಿತ್ತು, ಕಾಲು ಒತ್ತಿದರೆ ತಲೆ. ಯಾರೋ ಹಿರಿಯರು, "ಬಿಡ್ರೋ, ಮಗ್ಗಲಾಗಿ ಮಲಗಸ್ರಿ, ಸಾಲು ಮುಗದಿಲ್ಲಾಕಿದು" ಎಂದಿದ್ದರು. ಅಳುತ್ತಿದ್ದ ಹೆಂಗಸರೂ ಆ ಮಾತಿಗೆ ಒಂದು ಗಳಿಗೆ ನಕ್ಕಿದ್ದರು. ಗುಡ್ಡವ್ವನೂ ನಕ್ಕಿದ್ದಳು.

ಅದನ್ನೆಲ್ಲ ಅವಳು ಮರೆತೇ ಇದ್ದಳು, ಹುಕ್ಕೇರಿಗೆ ಹೋಗುವವರೆಗೆ. ತಮ್ಮನ ಮಗಳು ಸುಮನ ಮೂಡಲಗಿಯಲ್ಲಿ ನರ್ಸ್. ತಮ್ಮನ ಮನೆಯವರು ಬುದ್ಧನ ಕಡೆ ಹೋದ ಮೇಲೆ ಆ ಮನೆಯಲ್ಲಿ ಓದು ಬಂತು, ಓದಿನ ಹಿಂದೆ ಮಾತು ಬಂತು. ಹುಕ್ಕೇರಿಯಲ್ಲಿ ಕೂಲಿ ಹೆಣ್ಣುಮಕ್ಕಳ ಸಭೆ, ಊಟವೂ ಇದೆ ಎಂದು ಅವಳು ಅತ್ತೆ ಗುಡ್ಡವ್ವನನ್ನೂ ಅಲ್ಲವ್ವನನ್ನೂ ಬಸ್ಸಿಗೆ ಹತ್ತಿಸಿಕೊಂಡು ಹೋಗಿದ್ದಳು. ಪೆಂಡಾಲಿನ ಕೆಳಗೆ ಸುಮನ ಒಂದು ದೊಡ್ಡ ಚಿತ್ರ ಎತ್ತಿ ಹಿಡಿದಳು. ಉದ್ದಾನುದ್ದ ಹೊಲ, ಸಾಲುಸಾಲು ಮಂದಿ, ಎಲ್ಲರೂ ಬಗ್ಗಿದ್ದಾರೆ, ಯಾರ ಮುಖವೂ ಕಾಣುವುದಿಲ್ಲ. ಇವರು ಅಮೆರಿಕಾದವರು ಎಂದಳು.

"ಅಮೇರಿಕಾದಾಗೂ ಕರಕಿ ಕಸಾ ಬೆಳಿತೈತೇನ್ರಿ ಬಾಯಾರ?" ಎಂದು ಅಲ್ಲವ್ವ ಹಿಂದಿನಿಂದ ಕೂಗಿದಳು. ಪೆಂಡಾಲೆಲ್ಲ ನಕ್ಕಿತು.

"ಬೆಳಿತೈತಿ ಚಿಗವ್ವಾ. ಮಂದಿ ಬಗ್ಗೂದು ಅಲ್ಲೂ ಐತಿ" ಎಂದಳು ಸುಮನ. ಮೆಕ್ಸಿಕೋ ದೇಶದ ಮೂಲದವರಂತೆ ಅವರು. ಕೆಲವರ ಹಿರಿಯರು ಆ ನೆಲ ಅಮೆರಿಕಾದ್ದು ಆಗುವ ಮೊದಲೇ ಅಲ್ಲಿದ್ದವರು. ಮನೆಯ ಮಾತನ್ನು ಸಾಲೆಯಲ್ಲಿ ಆಡಿದರೆ ಮಕ್ಕಳಿಗೆ ಏಟು ಬೀಳುತ್ತಿತ್ತಂತೆ. ಚಿಕಾನೋ ಎಂದು ಮಂದಿ ಹೀಯಾಳಿಸಿ ಕರೆಯುತ್ತಿದ್ದರಂತೆ. ಹೌದು, ನಾವು ಚಿಕಾನೋಗಳೇ ಎಂದು ಅವರು ಅದೇ ಹೆಸರನ್ನು ಎದೆಯ ಮೇಲೆ ಹಾಕಿಕೊಂಡು ಬೀದಿಗೆ ಬಂದರಂತೆ. ಗುಡ್ಡವ್ವನಿಗೆ ಅದು ಚಲೋ ತಿಳಿಯಿತು. ತನ್ನ ಓಣಿಯ ಹೆಸರನ್ನು ಬೇರೆಯವರು ಹೇಳುವ ರೀತಿ ಒಂದು, ಜಯಂತಿಯ ದಿನ ನೀಲಿ ಬಾವುಟದ ಕೆಳಗೆ ಹುಡುಗರು ಹೇಳುವ ರೀತಿ ಒಂದು. ಆಮೇಲೆ ಸುಮನ ಹೇಳಿದ್ದು ಕುರ್ಪಿಯ ಸಂಗತಿ. ಅಲ್ಲಿನ ಧಣಿಗಳು ಮೊಳದುದ್ದದ ಕಾವಿನದನ್ನೇ ಹಿಡಿಯಬೇಕು ಎನ್ನುತ್ತಿದ್ದರು. ಬೆಳೆಗೆ ಒಳ್ಳೆಯದು ಎನ್ನುವುದು ಬಾಯಿಮಾತು. ಬೆನ್ನೆತ್ತಿ ನಿಂತವನು ಕೆಲಸ ಬಿಟ್ಟಿದ್ದಾನೆ ಎಂದು ಮೇಸ್ತ್ರಿಗೆ ದೂರದಿಂದಲೇ ಗೊತ್ತಾಗಬೇಕು ಎನ್ನುವುದು ಒಳಗಿನ ಮಾತು. ಬೆನ್ನು ಮುರಿದ ಕೂಲಿಯವರು ಕೋರ್ಟಿಗೆ ಹೋದರು, ಡಾಕ್ಟರು ಸಾಕ್ಷಿ ಹೇಳಿದರು, ಕೊನೆಗೆ ಎಪ್ಪತ್ತೈದನೇ ಇಸ್ವಿಯಲ್ಲಿ ಆ ಸೀಮೆಯ ಸರಕಾರ ಗಿಡ್ಡ ಕಾವನ್ನು ಬಂದ್ ಮಾಡಿತು. "ಬೆಳಿ ಏನೂ ಹಾಳಾಗಲಿಲ್ಲ, ಅತ್ತಿ" ಎಂದು ಸುಮನ ಅಷ್ಟು ಮಂದಿಯ ನಡುವೆ ಅವಳೊಬ್ಬಳಿಗೇ ಹೇಳಿದ ಹಾಗೆ ಹೇಳಿದಳು. ಗುಡ್ಡವ್ವ ಚಿತ್ರವನ್ನೇ ನೋಡುತ್ತಿದ್ದಳು. ಯಾರ ಮುಖವೂ ಕಾಣದಿದ್ದರೂ ಒಂದು ಬೆನ್ನು ಗುರುತಿನದಾಗಿತ್ತು. ಊಟದ ಹೊತ್ತಿನಲ್ಲೂ, ಅವ್ವನನ್ನು ಮಣ್ಣಿಗೆ ಇಡುವಾಗ ಯಾಕೆ ನಕ್ಕೆ ಎಂದುಕೊಳ್ಳುತ್ತಿದ್ದಳು. ಊರಿಗೆ ಬಂದ ಮೇಲೆ ಗಂಡನಿಗೆ ಬಿದಿರು ತರಲು ಹೇಳಿದಳು.

ಇವತ್ತು ಅವಳು ಮಮದಾಪುರದ ರಸ್ತೆಗೆ ಬಂದಾಗ ಬಿಸಿಲು ಇನ್ನೂ ಎಳೆಯದು. ಹೆಗಲ ಮೇಲೆ ಉದ್ದ ಕುರ್ಪಿ, ಬಗಲಲ್ಲಿ ರೊಟ್ಟಿಯ ಗಂಟು. ಗಂಟಿನೊಳಗೆ ಇನ್ನೊಂದು ಸಣ್ಣ ಗಂಟಿತ್ತು, ಅದನ್ನು ಮುಟ್ಟಿದರೆ ಕೈ ಸುಟ್ಟ ಹಾಗಾಗುತ್ತಿತ್ತು. ನಿನ್ನೆ ಸಂಜೆ ಸಾವಕಾರನ ಹೆಂಡತಿ ಸೀತಾಬಾಯಿ ಹಿತ್ತಲ ಬಾಗಿಲಿಗೆ ಕರೆಸಿ ಕೊಟ್ಟ ಕುಬಸದ ಖಣ ಅದು. ನಮ್ಮ ಮನೆಯವರು ಬಹಳ ಸಮಾಧಾನಪಟ್ಟರು, ಗುಡ್ಡವ್ವ ನನ್ನ ಮಾತು ಉಳಿಸಿದಳು ಅಂದರು ಎಂದು ಎಲೆ ಅಡಿಕೆ ಇಟ್ಟು ಉಡಿಗೆ ಹಾಕಿದ್ದಳು. ಹಿಂದಿನಿಂದ ಮೋಟರ್ ಸೈಕಲ್ಲಿನ ಸಪ್ಪಳ ಕೇಳಿತು. ಸಾವಕಾರನದಲ್ಲ, ಸಪ್ಪಳ ಬೇರೆ. ಆದರೂ ಮೊಣಕಾಲಿನ ಹಿಂದೆ ಯಾರೋ ಬೆರಳಿನಿಂದ ತಟ್ಟಿದ ಹಾಗಾಯಿತು. ಗುಡ್ಡವ್ವ ರಸ್ತೆಯ ಪಕ್ಕ ತಿರುಗಿ ನಿಂತಳು. ಬರಲಿ, ಎಷ್ಟು ಹತ್ತಿರ ಬರುತ್ತದೋ ಬರಲಿ, ಅಲ್ಲಿಯವರೆಗೆ ನಿಂತೇ ಇರಬೇಕು ಎಂದು ಹಲ್ಲು ಕಚ್ಚಿದಳು. ಗಾಡಿ ಹತ್ತಿರ ಬಂದು ನಿಧಾನವಾಗಿ ನಿಂತಿತು. ಗುರುತಿಲ್ಲದ ಹರೆಯದವನು.

"ಗೋಕಾಕಕ ಹೊಂಟೀರೇನ ಆಯಿ? ಕುಂದರ್ರಿ, ಬಿಡ್ತೇನಿ."

"ಇಲ್ಲಪಾ. ನಾ ಸುಮ್ನ ನಿಂತೇನಿ."

"ಸುಮ್ನ?"

"ಹೂಂನಪಾ. ನಿಂದರೂದ ಕಲ್ಯಾಕತ್ತೇನಿ."

ಅವನು ಅವಳನ್ನೂ ಕೋಲನ್ನೂ ನೋಡಿ, ಏನೋ ಲೆಕ್ಕ ಹಾಕಿ, ಗಾಡಿ ಎಬ್ಬಿಸಿಕೊಂಡು ಹೋದ. ಊರಲ್ಲಿ ಇನ್ನೊಬ್ಬಳು ಹುಚ್ಚಿ ಹೆಚ್ಚಾದಳು ಎಂದುಕೊಂಡಿರಬೇಕು. ಗುಡ್ಡವ್ವನಿಗೆ ನಗು ಬಂತು. ನಗುತ್ತಲೇ ಕಾಲು ನೋಡಿಕೊಂಡಳು. ಆಗ ಒಂದು ಸಂಗತಿ ತಿಳಿಯಿತು. ನಿನ್ನೆ ಮೊದಲು ಸೋತದ್ದು ಕೈ. ಸಪ್ಪಳ ಕೇಳಿದ ಕೂಡಲೇ ಕೈ ಕೆಲಸ ಬಿಟ್ಟಿತ್ತು, ಆಮೇಲೆ ಮೊಣಕಾಲು ಮಡಿಚಿತ್ತು. ಕೈ ಬಿಡದಿದ್ದರೆ ಕಾಲಿಗೆ ಅವಕಾಶ ಸಿಗಲಿಕ್ಕಿಲ್ಲ.

ಗುಡ್ಡವ್ವ ಸಾವಕಾರನ ಮನೆ ಮುಟ್ಟಿದಾಗ ಸೀತಾಬಾಯಿ ಹಿತ್ತಲಲ್ಲಿ ನೀರು ಸೋಸುತ್ತಿದ್ದಳು. ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಹುಳುಗಳನ್ನು ಮತ್ತೆ ಬಾವಿಗೆ ಬಿಡುವುದು ಆ ಜೈನರ ಮನೆಯ ವಾಡಿಕೆ. ಸಾವಕಾರ ಸಣ್ಣ ಕುರ್ಪಿಯೇ ಬೇಕು ಎನ್ನುವುದಕ್ಕೂ ಕೊಡುತ್ತಿದ್ದ ಕಾರಣ ಅದೇ. ಕಣ್ಣು ನೆಲಕ್ಕೆ ಹತ್ತಿರವಿದ್ದರೆ ಎರೆಹುಳ, ಇರುವೆ ಕಾಣುತ್ತವೆ, ಸರಿಸಿ ಬಿಡಬಹುದು, ಜೀವ ಉಳಿಯುತ್ತದೆ. ಅವನು ಅದನ್ನು ನೆಪಕ್ಕೆ ಹೇಳುತ್ತಿರಲಿಲ್ಲ, ನಂಬಿದ್ದ. ಗುಡ್ಡವ್ವನೂ ಅಷ್ಟು ವರ್ಷ ಎರೆಹುಳಗಳನ್ನು ಎತ್ತಿ ಪಕ್ಕಕ್ಕೆ ಬಿಟ್ಟಿದ್ದಳು. ಅದರಲ್ಲಿ ಅವಳಿಗೂ ಒಂದು ಸುಖವಿತ್ತು.

"ಬಾ ಗುಡ್ಡವ್ವ. ಯಾಕ, ಇಷ್ಟ ಮುಂಜಾನೆ?"

ಗುಡ್ಡವ್ವ ಖಣವನ್ನು ಕಟ್ಟೆಯ ಮೇಲೆ ಇಟ್ಟಳು. "ಇದು ನನಗ ಬ್ಯಾಡ್ರಿ ಬಾಯಾರ."

"ಬಣ್ಣಾ ಮನಸಿಗಿ ಬರಲಿಲ್ಲೇನ? ಹಸರು ಐತಿ, ತಗೋತಿ ಏನ?"

"ಬಣ್ಣಾ ಚಲೋ ಐತ್ರಿ."

"ಮತ್ತ? ಉಡಿಗಿ ಹಾಕಿದ್ದ ಖಣಾ ಹೊಳ್ಳಿ ಕೊಡ್ತಾರೇನ ಯಾರರ? ಖರೆ ಹೇಳ, ಯಾರರ ಏನರ ಅಂದ್ರೇನ?"

ಸೀತಾಬಾಯಿಯ ಮುಖ ಸಣ್ಣದಾಗಿತ್ತು. ಒಳ್ಳೆಯ ಹೆಂಗಸು. ಗುಡ್ಡವ್ವನ ಬಾಣಂತನಕ್ಕೆ ಬೆಲ್ಲ, ತುಪ್ಪ ಕಳಿಸಿದವಳು. ಇಂಥವಳ ಎದುರು ಮಾತಾಡುವುದು ಸಾವಕಾರನ ಎದುರು ಮಾತಾಡುವುದಕ್ಕಿಂತ ಕಷ್ಟ ಎಂದು ಗುಡ್ಡವ್ವನಿಗೆ ದಾರಿಯುದ್ದಕ್ಕೂ ಗೊತ್ತಿತ್ತು. ಸುಮನ ಆಗಿದ್ದರೆ ಹಕ್ಕು, ನ್ಯಾಯ ಎಂದು ಏನಾದರೂ ಹೇಳುತ್ತಿದ್ದಳು. ಗುಡ್ಡವ್ವನಿಗೆ ಹೊಳೆದದ್ದು ಇಷ್ಟೇ: "ನಾ ನಿನ್ನಿ ಕುಂತದ್ದಕ್ಕ ನೀವು ಇದನ್ನ ಕೊಟ್ರಿ. ಇವತ್ತ ನಾ ಕುಂದ್ರೂದಿಲ್ಲರಿ. ಅದಕ್ಕ ಹೊಳ್ಳಿ ತಂದೇನಿ."

ಸೀತಾಬಾಯಿ ಕೊಡದ ಮೇಲಿನ ಬಟ್ಟೆ ಬಿಚ್ಚಿದಳು. "ಅವ್ರ ಸಿಟ್ಟ ನಿನಗ ಗೊತ್ತೈತಿ" ಎಂದಳು. "ಗೊತ್ತೈತ್ರಿ." "ಕಲ್ಲೋಳಿಗಿ ಮಂದಿ ಹೇಳಿ ಕಳಿಸ್ಯಾರ." "ಕಳಸಲ್ರಿ." ಸೀತಾಬಾಯಿ ಖಣವನ್ನು ಎತ್ತಿಕೊಳ್ಳಲೂ ಇಲ್ಲ, ತೆಗೆದುಕೊಂಡು ಹೋಗು ಎನ್ನಲೂ ಇಲ್ಲ. ಬಟ್ಟೆಯನ್ನು ಹಿಡಿದುಕೊಂಡು ಬಾವಿಯ ಕಡೆ ನಡೆದಳು. ಗುಡ್ಡವ್ವ ಅವಳ ಬೆನ್ನಿಗೆ ಕೈ ಮುಗಿದಳು. ಆಮೇಲೆ ಯಾಕೆ ಮುಗಿದೆ ಎಂದು ಹೊಲ ಮುಟ್ಟುವವರೆಗೆ ತನ್ನನ್ನೇ ಬೈದುಕೊಂಡಳು.

ಹೊಲದಲ್ಲಿ ಹೆಂಗಸರು ಒಡ್ಡಿನ ಕೆಳಗೆ ಗುಂಪಾಗಿ ಕುಳಿತು ಅವಳ ದಾರಿಯನ್ನೇ ನೋಡುತ್ತಿದ್ದರು. ಕೆಲವರು ಕಾವು ಕಿತ್ತುಹಾಕಿ ಸಣ್ಣ ಕುರ್ಪಿ ತಂದಿದ್ದರು. ಅವರು ಅವಳ ಕಣ್ಣು ತಪ್ಪಿಸಿದರು. ಅಲ್ಲವ್ವ ಮಾತ್ರ ಎದ್ದು ಬಂದಳು. ಕೈಯಲ್ಲಿ ಉದ್ದನೆಯದು, ಸೊಂಟದಲ್ಲಿ ಸಣ್ಣದು ಸಿಕ್ಕಿಸಿದ್ದಳು.

"ಎರಡೂ ತಂದೇನಿ ಯಕ್ಕಾ. ನೀ ನಿಂತ್ರ ಇದು, ನೀ ಕುಂತ್ರ ಇದು."

ಯಾರೋ ಕಿಸಕ್ಕೆಂದರು. ಗುಡ್ಡವ್ವನ ಕಿವಿ ಬಿಸಿಯಾಯಿತು. ಆದರೆ ಅಲ್ಲವ್ವ ಚುಚ್ಚಲಿಕ್ಕೆ ಹೇಳಿರಲಿಲ್ಲ, ಇದ್ದದ್ದು ಹೇಳಿದ್ದಳು. ಇವತ್ತು ತಾನು ಕುಳಿತರೆ ಈ ಮಂದಿ ಮತ್ತೆ ಯಾವತ್ತೂ ಏಳುವುದಿಲ್ಲ, ಇವರ ಸೊಸೆಯರೂ ಏಳುವುದಿಲ್ಲ. ಅಷ್ಟು ದೊಡ್ಡ ಸಂಗತಿ ತನ್ನ ಎರಡು ಸವೆದ ಮೊಣಕಾಲಿನ ಮೇಲೆ ಬಂದು ನಿಂತಿದೆಯಲ್ಲ ಎಂದು ಅವಳಿಗೆ ಸೋಜಿಗವೂ ಆಯಿತು, ಸಿಟ್ಟೂ ಬಂತು. "ನನ್ನ ಮಾರಿ ನೋಡಬ್ಯಾಡ್ರೆವ್ವಾ" ಎಂದಳು. "ನಿನ್ನಿ ನಾ ತಪ್ಪಿದೆ. ಇವತ್ತೂ ನಾ ತಪ್ಪಿದ್ರ ನೀವು ನಿಂದರ್ರಿ. ನನ್ನ ಬೆನ್ನ ಬ್ಯಾರೆ, ನಿಮ್ಮ ಬೆನ್ನ ಬ್ಯಾರೆ." ಅವಳು ಹೋಗಿ ದಂಡೆಗೆ ತೀರ ಹತ್ತಿರದ ಸಾಲು ಹಿಡಿದಳು, ಯಾವಾಗಲೂ ಯಾರೂ ಬೇಡ ಎನ್ನುತ್ತಿದ್ದ ಸಾಲು. ಉದ್ದ ಕಾವು ತಂದವರು ಅವಳ ಪಕ್ಕ ಬಂದರು. ಸಣ್ಣ ಕುರ್ಪಿಯವರು ಹಿಂದೆ ಉಳಿದು, ಬಗ್ಗಲೂ ಆರದೆ ನಿಲ್ಲಲೂ ಆರದೆ, ಕೈಯಿಂದಲೇ ಜೇಕಿನ ಹುಲ್ಲು ಕೀಳತೊಡಗಿದರು.

ನಿಂತು ಕೆಲಸ ಮಾಡುವಾಗ ಹೊಲವೇ ಬೇರೆಯಾಗಿ ಕಾಣುತ್ತಿತ್ತು. ಬಗ್ಗಿದಾಗ ಎಲೆ, ಮಣ್ಣು, ತನ್ನ ಹೆಬ್ಬೆರಳು, ಇಷ್ಟೇ ಲೋಕ. ಈಗ ಅರಿಷಿಣದ ಅಗಲ ಎಲೆಗಳು ಗಾಳಿಗೆ ಮಗುಚುವುದು, ಅದರಾಚೆ ಕಾಲುವೆ, ಕಾಲುವೆಯಾಚೆ ಕಬ್ಬು, ಎಲ್ಲ ಒಮ್ಮೆಗೇ. ಕುರ್ಪಿಯ ಬಾಯಿ ಎಲ್ಲಿ ಬೀಳುತ್ತದೆ ಎಂದು ಕಣ್ಣಿಟ್ಟೇ ಇರಬೇಕು, ಇನ್ನೂ ಕೈಗೆ ಹದ ಸಿಕ್ಕಿಲ್ಲ. ಒಂದು ಎರೆಹುಳ ಹೊರಳಿತು. ನಿಂತಲ್ಲಿಂದಲೇ ಕಂಡಿತು. ಕುರ್ಪಿಯ ಮೂಲೆಯಿಂದ ಮಣ್ಣಿನ ಸಮೇತ ಪಕ್ಕಕ್ಕೆ ಸರಿಸಿದಳು. ಅಷ್ಟರಲ್ಲಿ ರಾಜದೂತದ ಸಪ್ಪಳ ಕೇಳಿತು.

ಕೈ ಬಿಡಬಾರದು. ಎಳೆ, ಎತ್ತು, ಎಳೆ. ಸಪ್ಪಳ ದಂಡೆ ಹತ್ತಿತು. ಮೊಣಕಾಲಿನ ಹಿಂದೆ ಅದೇ ಬೆರಳು ತಟ್ಟಿತು, ಒಂದು ಸಲ, ಇನ್ನೊಂದು ಸಲ. ಸತ್ತ ಅವ್ವ ಪಕ್ಕದ ಸಾಲಿನಲ್ಲಿ ಬಗ್ಗಿ ಮುಖ ಓರೆ ಮಾಡಿ, ಏ ಹುಡುಗಿ, ಬಂದರು ನೋಡು ಎನ್ನುವ ಹಾಗೆ ನೋಡಿದಳು. ಅವ್ವ ಬೈಯುತ್ತಿರಲಿಲ್ಲ, ಮಗಳನ್ನು ಕಾಯುತ್ತಿದ್ದಳು. ಕುಳಿತುಕೋ ಎನ್ನುವುದು ಅವಳ ಪ್ರೀತಿಯೇ ಆಗಿತ್ತು. ಇಲ್ಲ ಯವ್ವಾ, ಎಂದುಕೊಂಡಳು ಗುಡ್ಡವ್ವ, ಇವತ್ತು ನೀನೇ ಏಳು. ಎಳೆ, ಎತ್ತು, ಎಳೆ. ಗಾಡಿ ಸಾಲಿನ ತುದಿಗೆ ಬಂದು ನಿಂತಿತು. ಅಲ್ಲವ್ವನ ಒಂದು ಕೈ ಸೊಂಟದ ಸಣ್ಣ ಕುರ್ಪಿಗೆ ಹೋಗಿ ಅಲ್ಲೇ ಇತ್ತು.

"ಗುಡ್ಡವ್ವಾ!"

"ಹೇಳ್ರಿ ಸಾವಕಾರ್ರ."

ಅವಳ ದನಿ ನಿಂತ ಎತ್ತರದಿಂದ ಹೊರಟಿತ್ತು. ಅದು ಅವನಿಗೂ ಹೊಸದಾಗಿರಬೇಕು.

"ಕುಂತ ಮಾತಾಡ."

"ನಿಂತ ಕೇಳ್ತೇನ್ರಿ. ಹೇಳ್ರಿ ನೀವು."

"ನಿನ್ನಿ ಏನ ಹೇಳಿದ್ದೆ ನಾ? ಹುಳಾ ಸಾಯ್ತಾವು. ಪಾಪ ಯಾರಿಗಿ ಬರತೈತಿ?"

"ಹುಳಾ ಸಾಯಬಾರ್ದರಿ, ಸರಿಸೇ ಮಾಡಾಕತ್ತೇನಿ. ನಾವೂ ಸಾಯಬಾರ್ದರಿ."

"ಯಾರ ಕಲಿಸಿದ್ರ ನಿಮಗಿದನ್ನ?"

ಅಲ್ಲವ್ವ ಬಾಯಿ ತೆಗೆದಳು. "ಅಮೇರಿಕಾದವ್ರರಿ!"

ಹೆಂಗಸರು ಭೊರ್ರನೆ ನಕ್ಕರು. ನಗೆಯಲ್ಲಿ ಅರ್ಧ ಅಂಜಿಕೆಯಿತ್ತು, ಆದರೆ ನಗುವವರು ಯಾರೂ ಕುಳಿತಿರಲಿಲ್ಲ. ಕುಂಥುನಾಥನಿಗೆ ಏನೂ ತಿಳಿಯಲಿಲ್ಲ. "ಅಮೇರಿಕಾದಾಗ ಮಶೀನಿನ ಮ್ಯಾಲ ಒಕ್ಕಲತನಾ ಮಾಡ್ತಾರ" ಎಂದ, ಬೇರೆ ಏನು ಹೇಳಬೇಕೋ ತೋಚದೆ.

"ಅಲ್ಲೂ ಬಗ್ಗಾಕ ಮಂದಿ ಬೇಕಾಗಿದ್ರಂತ್ರಿ" ಎಂದಳು ಗುಡ್ಡವ್ವ. "ಮತ್ತ ಎದ್ದ ನಿಂತ್ರಂತ."

"ಹಂಗಾರ ನಡೀರಿ. ಎಲ್ಲಾರೂ ಮನಿಗಿ ನಡೀರಿ. ನಾಳಿ ಕಲ್ಲೋಳಿ ಟ್ರ್ಯಾಕ್ಟರ್ ಬರತೈತಿ."

ಯಾರೂ ನಡೆಯಲಿಲ್ಲ. ಗುಡ್ಡವ್ವ ಮತ್ತೆ ಕುರ್ಪಿ ಎಳೆದಳು. ಪಕ್ಕದಲ್ಲಿ ಇನ್ನೊಂದು ಎಳೆದ ಸಪ್ಪಳ, ಅದರ ಪಕ್ಕ ಇನ್ನೊಂದು. ಹಿಡಿದ ಸಾಲು ಮುಗಿಸದೆ ಹೊಲ ಬಿಡುವುದು ಅವರ ಕೈಗೆ ಬಂದದ್ದಲ್ಲ. ಸಾವಕಾರ ಸಾಲಿನ ತುದಿಯಲ್ಲಿ, ಒಡ್ಡಿನಿಂದ ಇಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಸಾಲು ಅವನ ಕಡೆಗೇ ಹೋಗುತ್ತಿತ್ತು. ಕಸದ ರಾಶಿ ಎಡಕ್ಕೆ ಬೀಳುತ್ತಾ, ಕಪ್ಪು ಮಣ್ಣು ತೆರೆದುಕೊಳ್ಳುತ್ತಾ, ಅವಳು ಒಂದೊಂದೇ ಗಿಡ ದಾಟಿ ಅವನ ಹತ್ತಿರ ಬಂದಳು. ಇನ್ನು ಮುಂದೆ ಗಿಡವಿರಲಿಲ್ಲ, ಅವನಿದ್ದ. ಆಗ ಅವಳು ತಲೆ ಎತ್ತಬೇಕೆಂದುಕೊಂಡಳು, ಎತ್ತುವ ಅಗತ್ಯ ಬೀಳಲಿಲ್ಲ. ಅವನ ಕಣ್ಣು ಅವಳ ಕಣ್ಣಿಗಿಂತ ಕೆಳಗಿದ್ದವು. ಹರೆಯದಿಂದ ಈ ಹೊಲದಲ್ಲಿ ದುಡಿದ ಗುಡ್ಡವ್ವನಿಗೆ, ಕುಂಥುನಾಥ ಸಾವಕಾರ ತನಗಿಂತ ಗಿಡ್ಡನೆಯ ಮನುಷ್ಯ ಎಂದು ಆ ದಿನ ಮೊದಲ ಸಲ ತಿಳಿಯಿತು. ಕಿವಿಯ ಪಕ್ಕ ಕೂದಲು ನೆರೆತಿತ್ತು. ಗದ್ದದ ಮೇಲೆ ಕ್ಷೌರದ ಗಾಯವಿತ್ತು. ಅವನೂ ಅವಳ ಮುಖವನ್ನು ಹೊಸಬಳ ಮುಖದ ಹಾಗೆ ನೋಡುತ್ತಿದ್ದ.

"ಸ್ವಲ್ಪ ಸರೀರಿ ಸಾವಕಾರ್ರ" ಎಂದಳು. "ಸಾಲ ತಿರಗಬೇಕು."

ಅವನು ಕಾಲು ಎಲ್ಲಿಡಬೇಕೆಂದು ನೆಲ ನೋಡಿದ. ಆಮೇಲೆ ಒಡ್ಡಿನ ಮೇಲಕ್ಕೆ ಹತ್ತಿದ. ಗಾಡಿ ಚಾಲೂ ಆಗಲು ಎರಡು ಮೂರು ಒದೆ ತೆಗೆದುಕೊಂಡಿತು. ಗುಡ್ಡವ್ವ ತಿರುಗಿ ನೋಡಲಿಲ್ಲ, ಹೊಸ ಸಾಲಿಗೆ ಕುರ್ಪಿ ಹಾಕಿದ್ದಳು. ಮೊಣಕಾಲು ಮಡಿಚಿರಲಿಲ್ಲ. ಅಲ್ಲವ್ವ ಪಕ್ಕಕ್ಕೆ ಬಂದು ಕುರ್ಪಿ ಎಳೆಯತೊಡಗಿದಳು. ಸಾಲಿನ ನಡುವೆ ಬಂದಾಗ ಕೇಳಿದಳು:

"ಯಕ್ಕಾ, ನಾಳಿ ಕಲ್ಲೋಳಿ ಮಂದಿ ಖರೇನ ಬಂದ್ರ?"

"ಬರ್ಲಿ" ಎಂದಳು ಗುಡ್ಡವ್ವ, ಕೈ ಬಿಡದೆ. "ಅವ್ರಿಗೂ ಬೆನ್ನ ಐತಿ. ಮಾತಾಡೂನು."